ತೊಟ್ಟು ಆರಿಸುವ ಕೈ

ತಿಕೋಟಾದ ಆ ಓಣಿಯಲ್ಲಿ ಅಮೀನಸಾಬರ ಮನೆಯ ಕಟ್ಟೆ ಬರಿದಾಗಿ ಬಹಳ ದಿನವಾಗಿತ್ತು. ಒಣದ್ರಾಕ್ಷಿ ಶೆಡ್ಡಿನಲ್ಲಿ ಅವರಷ್ಟು ಚೊಕ್ಕಟವಾಗಿ ತೊಟ್ಟು, ಕಡ್ಡಿ ಆರಿಸುವವರು ಇರಲಿಲ್ಲ. ಆ ಕೈಯೇ ಈಗ ನಡುಗುತ್ತಿತ್ತು. ಕಂಪವಾತ ಎಂದು ಡಾಕ್ಟರರು ಗುಳಿಗೆ ಕೊಟ್ಟಿದ್ದರು. ಅದು ಒಬ್ಬರಿಂದೊಬ್ಬರಿಗೆ ಹತ್ತುವ ರೋಗವೆಂದು ಯಾರೋ ಅಂದರು. ನೆರೆಯವರು ಚಹಾಕ್ಕೆ ಬರುವುದು ನಿಂತಿತು. ಬಬಲೇಶ್ವರದ ಬೀಗರೂ ಬರಲಿಲ್ಲ. ಹೆಂಡತಿ ಮಕ್ತುಮಬಿ ರೂಢಿಯಂತೆ ಒಂದು ಕಪ್ಪಿನಷ್ಟು ಚಹಾ ಹೆಚ್ಚಿಗೆ ಮಾಡುತ್ತಿದ್ದಳು. ಅದು ಒಲೆಯ ಮೇಲೇ ಆರುತ್ತಿತ್ತು.

ಮಾತಿಗೆ ಜನರಿಲ್ಲದ ಅಮೀನಸಾಬರಿಗೆ ಮೊಬೈಲೇ ಜೊತೆಯಾಯಿತು. ಒಂದು ದಿನ ಅದರಲ್ಲಿ ಒಬ್ಬಾತ ಹೇಳಿದ: ಉಪವಾಸ ಮಾಡಿದರೆ ಮೆದುಳು ತನ್ನ ಕಸವನ್ನು ತಾನೇ ಗುಡಿಸಿಕೊಳ್ಳುತ್ತದೆ, ಔಷಧಿ ಬೇಕಿಲ್ಲ. ರಂಜಾನ್ ತಿಂಗಳಲ್ಲದಿದ್ದರೂ ಅವರು ದಿನಾ ರೋಜಾ ಹಿಡಿದರು; ಗುಳಿಗೆ ಬಿಟ್ಟರು.

"ಗುಳಿಗಿ ಬಿಡಬ್ಯಾಡ್ರಿ," ಎಂದಳು ಮಕ್ತುಮಬಿ.

"ಹಗಲಿ ಗುಳಿಗಿ ನುಂಗಿದ್ರ ರೋಜಾ ಮುರೀತೈತಿ. ರೋಜಾ ಬ್ಯಾಡ ಅಂತೀ ಏನ ಬೇ?"

ಯಾರನ್ನಾದರೂ ಕೇಳೋಣವೆಂದು ಮಕ್ತುಮಬಿ ಹೊರಗೆ ಬಂದರೆ ಪಕ್ಕದ ಬಾಗಿಲೂ ಮುಚ್ಚಿತ್ತು.

ಕೆಲವೇ ದಿನಗಳಲ್ಲಿ ಅವರ ಮೈ ಕಟ್ಟಿಗೆಯಂತೆ ಬಿಗಿಯಿತು. ಒಂದು ಮುಂಜಾನೆ ನಮಾಜಿಗೆಂದು ಕೈಕಾಲು ತೊಳೆಯಲು ಹೋದವರು ಬಚ್ಚಲಲ್ಲಿ ಬಿದ್ದರು. ಮಕ್ತುಮಬಿಯ ಕೂಗಿಗೆ ನೆರೆಮನೆಯ ಭಾಗೀರಥೀಬಾಯಿ ಓಡಿಬಂದಳು. ಆದರೆ ಹೊಸ್ತಿಲಲ್ಲೇ ನಿಂತುಬಿಟ್ಟಳು.

"ಯವ್ವಾ, ಮುಟ್ಟಿದ್ರ ನನಗೂ ಹತ್ತೀತು!"

"ಮುಟ್ಟೂಕಿಂತ ಮೊದಲ ನಿಮ್ಮ ಕೈ ನಡುಗಾಕತ್ತಾವು ಬಾಯಾರ! ಬರ್ರಿ, ಹಿಡೀರಿ."

ಭಾಗೀರಥೀಬಾಯಿ ನಾಚಿ ಒಳಗೆ ಬಂದಳು. ಇಬ್ಬರೂ ಸೇರಿ ಅವರನ್ನು ಆಟೋದಲ್ಲಿ ವಿಜಯಪುರಕ್ಕೆ ಕರೆದೊಯ್ದರು.

ನರರೋಗ ವೈದ್ಯೆ ಮೃಣಾಲ ಎಲ್ಲವನ್ನೂ ಕೇಳಿಕೊಂಡಳು. "ಕಾಕಾ, ಶೆಡ್ಡಿನಾಗ ತೊಟ್ಟು ಆರಿಸೂ ಮಂದಿ ಬರದಿದ್ರ ಏನಾಗತೈತ್ರಿ?"

"ಕಸ ಉಳದು ಮಾಲ ಕೆಡತೈತ್ರಿ."

"ಮೆದುಳಿನ ಜೀವಕಣದಾಗೂ ಹಂಗ. ಹಳೇದು, ಕೆಟ್ಟದ್ದು ಒಡದು ತಗಿಯೂ ಕೆಲಸ ಒಳಗ ನಡದ ಇರತೈತಿ. ಅದನ್ನ ನಡಸೂ ಜೀನುಗಳು, ಅಂದ್ರ ತಂದಿ-ತಾಯಿಂದ ಬಂದ ವಂಶವಾಹಿಗಳು, ಅದಾವು. ಕೆಲವರಲ್ಲಿ ಅಂಥಾ ಜೀನು ಕೆಟ್ಟಿರತೈತಿ. ಆಗ ಕಸ ಕೂಡತೈತಿ, ನರದ ಕಣ ಸೊರಗಿ ಸಾಯತಾವು. ಕಂಪವಾತಕ್ಕ, ಮರೆವಿನ ರೋಗಕ್ಕ ಇದೂ ಒಂದು ಕಾರಣ. ಇದೊಂದ ಅಲ್ಲ."

"ಹತ್ತತೈತೇನ್ರಿ?" ಭಾಗೀರಥೀಬಾಯಿ ಮೆಲ್ಲಗೆ ಕೇಳಿದಳು.

"ಇಲ್ಲರಿ. ಒಂದ ಕಪ್ಪಿನಾಗ ಚಾ ಕುಡದ್ರೂ ಹತ್ತೂದಿಲ್ಲ."

ಅಮೀನಸಾಬರು ಬಿಡಲಿಲ್ಲ. "ರೋಜಾದಿಂದ ಆ ಕಸ ಹೋಗೂದಿಲ್ಲೇನ್ರಿ?"

"ಅದರ ಮ್ಯಾಲೆ ಸಂಶೋಧನೆ ನಡದೈತಿ. ಆದ್ರ ಉಪಾಸದಿಂದ ಈ ರೋಗ ವಾಸಿ ಆಗತೈತಂತ ಯಾರೂ ತೋರಿಸಿಲ್ಲ. ಆ ಕಸ ತಗಿಯೂ ಔಷಧಾನೂ ಇನ್ನೂ ಬಂದಿಲ್ಲ. ಈ ಗುಳಿಗಿ ರೋಗ ಕೀಳೂದಿಲ್ಲ, ಮೈ ಸಡಲ ಮಾಡತೈತಿ. ಒಮ್ಮಿಂದೊಮ್ಮೆಲೆ ಬಿಟ್ರ ಜೀವಕ್ಕ ಅಪಾಯ."

"ಬ್ಯಾನಿ ಇದ್ದಾವ್ಗ ಅಲ್ಲಾಹನೇ ರೋಜಾ ಮಾಫ ಮಾಡ್ಯಾನ," ಎಂದಳು ಮಕ್ತುಮಬಿ. "ಅವ ಬಿಟ್ಟುಕೊಟ್ಟದ್ದನ್ನ ನೀವ್ಯಾಕ ಹಿಡಕೊಂಡು ಕುಂತೀರಿ?"

"ಸಂಜೀಕ ರೋಜಾ ಬಿಡೂ ಹೊತ್ತಿಗರ ಯಾರರೆ ಬಾಯಾಗ ಹಾಕಾಕ ಖಜೂರದ ಹಣ್ಣು ಹಿಡಕೊಂಡು ಬಂದಾರು ಅನಿಸಿತ್ತು," ಎಂದರು ಅಮೀನಸಾಬರು. "ಯಾರೂ ಬರಲಿಲ್ಲ."

ಭಾಗೀರಥೀಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಕ್ತುಮಬಿ ನೀರು ಹಿಡಿದಳು. ಅವರು ಗುಳಿಗೆ ನುಂಗಿದರು.

ಊರಿಗೆ ಮರಳಿದ ಮರುಸಂಜೆ ಭಾಗೀರಥೀಬಾಯಿ ಕಟ್ಟೆಗೆ ಬಂದು ಕುಳಿತಳು. "ನನ್ನ ಚಾ ಎಲ್ಲೈತ್ರಿ?" ಅಮೀನಸಾಬರೇ ಕಪ್ಪು-ಬಸಿ ನೀಡಿದರು. ಕೈ ಇನ್ನೂ ನಡುಗುತ್ತಿತ್ತು. ಚಹಾ ಬಸಿಯಲ್ಲಿ ತುಳುಕಿತು. ಅವಳು ಬಸಿಯಲ್ಲಿದ್ದುದನ್ನೂ ಕುಡಿದಳು.

ಅಣ್ಣಂದಿರೇ, ಅಕ್ಕಂದಿರೇ, ಕೈ ನಡುಗಿದರೆ, ಮೈ ಬಿಗಿದರೆ, ಮರೆವು ಹೆಚ್ಚಿದರೆ ವೈದ್ಯರಿಗೆ ತೋರಿಸಿರಿ. ಮೊಬೈಲಿನ ಮಾತು ನಂಬಿ ಗುಳಿಗೆ ಬಿಡಬೇಡಿರಿ. ರೋಜಾ ಇರಲಿ, ಏಕಾದಶಿ ಇರಲಿ, ರೋಗಿ ಉಪವಾಸ ಹಿಡಿಯುವ ಮುಂಚೆ ವೈದ್ಯರನ್ನು ಕೇಳಲಿ. ದೇವರು ಕರುಣಾಳು. ಔಷಧಿ ವೈದ್ಯರು ಕೊಡುತ್ತಾರೆ. ಜೊತೆ ನಾವೇ ಕೊಡಬೇಕು. ನಿಮ್ಮ ಓಣಿಯಲ್ಲಿಯೂ ಬರಿದಾದ ಕಟ್ಟೆಯೊಂದು ಇದ್ದೀತು. ಈ ಸಂಜೆಯೇ ಹೋಗಿ ಕುಳಿತುಕೊಳ್ಳಿರಿ.