ಉಸಿರಿನಲ್ಲಿ ಸಿಕ್ಕಿದ್ದು

ಧರ್ಮಪಾಲ ಡೊಂಬಿವಲಿಯ ಹೊಟೇಲೊಂದರ ಗಲ್ಲೆಯಲ್ಲಿ ಕೂತು ಬಿಲ್ಲಿನ ದುಡ್ಡು ತೆಗೆದುಕೊಳ್ಳುವವನು. ಒಳಗಿನ ಅಡುಗೆಮನೆಗೂ ಕೇಳುವಂಥ ಸ್ವರ ಅವನದು. ಆ ಸ್ವರ ಒಡೆದು, ತಿಂಗಳಾದರೂ ಸರಿಯಾಗದೆ ಹೋದಾಗ ಹೆಂಡತಿ ನಳಿನಾಕ್ಷಿ ಹಟ ಹಿಡಿದು ಅವನನ್ನು ಸೀವುಡ್ಸ್‌ನ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಧ್ವನಿಪೆಟ್ಟಿಗೆಯಲ್ಲಿ ಗಡ್ಡೆ ಇತ್ತು. ಕ್ಯಾನ್ಸರ್.

ಅಲ್ಲಿಯ ಡಾಕ್ಟರ್ ಮುಕ್ತಾ ವಿಜಯಪುರದವರು. ಮುಂಬಯಿಯಲ್ಲಿ ಕನ್ನಡ ಮಾತಾಡುವ ಡಾಕ್ಟರ್ ಸಿಕ್ಕಿದ್ದೇ ನಳಿನಾಕ್ಷಿಗೆ ಅರ್ಧ ಧೈರ್ಯ ತಂದಿತ್ತು. ಆಪರೇಷನ್ ಮಾಡಿದರೆ ಸ್ವರ ಹೋಗುತ್ತದೆ, ಮೊದಲು ರೇಡಿಯೇಶನ್ ಕೊಟ್ಟು ನೋಡೋಣ ಎಂದರು ಅವರು.

"ಒಂದು ಮಾತು ಚಂದಂಗ ತಿಳಕೋರಿ ಅಕ್ಕಾರ," ಎಂದಿದ್ದರು. "ಗಡ್ಡಿ ಬೆಳೆದಷ್ಟು ಲಗೂ ಅದರೊಳಗ ರಕ್ತನಾಳ ಬೆಳೆಯಂಗಿಲ್ಲ. ನಟ್ಟನಡುವಿನ ಕಣಗಳಿಗೆ ಆಕ್ಸಿಜನ್ ಮುಟ್ಟಂಗಿಲ್ಲ. ಹಂಗಂತ ಅವೆಲ್ಲಾ ಸಾಯಂಗಿಲ್ಲ. ಕಡಿಮಿ ಗಾಳಿಯೊಳಗ ಬದುಕೋದು ಕಲೀತಾವ. ನಮ್ಮ ರೇಡಿಯೇಶನ್ ಪೂರಾ ಕೆಲಸ ಮಾಡಬೇಕಂದ್ರ ಆಕ್ಸಿಜನ್ ಬೇಕು. ಅದು ಇಲ್ಲದ ಕಡೆ ಕಣ ತನ್ನ ಗಾಯ ತಾನ ರಿಪೇರಿ ಮಾಡ್ಕೊಂತದ. ಸಿಗರೇಟ್ ಸೇದಿದ್ರ ರಕ್ತದಾಗ ಆಕ್ಸಿಜನ್ ಇರೋ ಜಾಗಾ ಹೊಗಿ ಹಿಡೀತದ. ಅದಕ್ಕ ಒಂದೂ ಸೇದಬಾರದು."

"ಬಿಟ್ಟೆ, ಡಾಕ್ಟ್ರೇ," ಎಂದ ಧರ್ಮಪಾಲ. ಅಂದೇ ಸಂಜೆ ಅಂಗಿ ಜೇಬಿನ ಪ್ಯಾಕೆಟ್ಟನ್ನು ಹೆಂಡತಿಯ ಕೈಗೆ ಕೊಟ್ಟ. ಅವಳು ಅದನ್ನು ನೀರಿನಲ್ಲಿ ನೆನೆಸಿ ಕಸಕ್ಕೆ ಹಾಕಿದಳು.

ಮಳೆ ಹಿಡಿದಾಗ ಶುರುವಾದ ಚಿಕಿತ್ಸೆ ಗಣಪತಿ ಹಬ್ಬದ ಹೊತ್ತಿಗೆ ಮುಗಿಯಿತು. ಅದಕ್ಕಾಗಿ ನಳಿನಾಕ್ಷಿ ಶಾಲೆಯ ಕ್ಯಾಂಟೀನ್ ಕೆಲಸ ಬಿಟ್ಟಳು. ಡೊಂಬಿವಲಿಯಿಂದ ಲೋಕಲ್ ರೈಲಿನಲ್ಲಿ ಠಾಣೆ ಸ್ಟೇಷನ್, ಅಲ್ಲಿ ಇಳಿದು ಪನ್ವೇಲ್ ಗಾಡಿ. ಕ್ಯಾನ್ಸರ್ ರೋಗಿಗಳಿಗೆಂದು ಬಿಟ್ಟ ಡಬ್ಬಿಯಲ್ಲೂ ಆರೋಗ್ಯವಂತರೇ ತುಂಬಿರುತ್ತಿದ್ದರು; ಗಂಡನ ಸುಟ್ಟ ಕುತ್ತಿಗೆಗೆ ಯಾರ ಮೊಣಕೈಯೂ ತಾಗದಂತೆ ಅವಳು ಅಡ್ಡ ನಿಲ್ಲುತ್ತಿದ್ದಳು. ನಡುವೆ ಅವನ ಹಿಮೋಗ್ಲೋಬಿನ್ ಇಳಿಯಿತು. ರಕ್ತ ಕಡಿಮೆಯಾದರೆ ಗಡ್ಡೆಗೆ ಹೋಗುವ ಆಕ್ಸಿಜನ್ನೂ ಕಡಿಮೆ ಎಂದು ಅವಳಿಗೆ ಈಗ ಗೊತ್ತಿತ್ತು. ರಕ್ತ ಕೊಡುವವರಿಗಾಗಿ ಓಡಾಡಿದಳು. ನುಂಗಲಾಗದೆ ಅವನು ತಟ್ಟೆ ದೂಡಿದರೆ ಗಂಜಿಯನ್ನು ಮತ್ತೆ ಸೋಸಿ, ತಣಿಸಿ, ಚಮಚ ಚಮಚವಾಗಿ ಕುಡಿಸಿದಳು.

ಮಗಳು ಮಾನಸಿಗೆ ಐರೋಲಿಯಲ್ಲಿ ಕೆಲಸ. ಬೆಳಿಗ್ಗೆ ಮೂವರೂ ಒಟ್ಟಿಗೇ ಹೊರಡುತ್ತಿದ್ದರು. ಠಾಣೆಯಲ್ಲಿ ಗಾಡಿ ಬದಲಿಸುವಾಗ ಧರ್ಮಪಾಲನಿಗೆ ಯಾವಾಗಲೂ ಮೂತ್ರಕ್ಕೆ ಅವಸರ. ಮಾನಸಿ ಅಪ್ಪನನ್ನು ಹೊರಗಡೆ ಕರೆದುಕೊಂಡು ಹೋಗುತ್ತಿದ್ದಳು. ಜನರ ನೂಕುನುಗ್ಗಲಿನಲ್ಲಿ ಬ್ಯಾಗುಗಳನ್ನು ಕಾಯುತ್ತ ನಿಂತ ನಳಿನಾಕ್ಷಿಗೆ, ಮಗಳಿಗೆ ಎಷ್ಟು ಜವಾಬ್ದಾರಿ ಬಂತು ಎಂದು ಸಂತೋಷವಾಗುತ್ತಿತ್ತು.

ದೀಪಾವಳಿ ಕಳೆದ ಮೇಲೆ ಸ್ಕ್ಯಾನ್ ಮಾಡಿಸಿದರು. ಮುಕ್ತಾ ಪರದೆಯನ್ನು ಬಹಳ ಹೊತ್ತು ನೋಡಿದರು.

"ಹೊರಗಿಂದೆಲ್ಲಾ ಕರಗ್ಯಾದ. ನಡುವಿಂದು ಜೀವಂತ ಅದ," ಎಂದರು. ಆಮೇಲೆ ಧರ್ಮಪಾಲನ ಕಡೆ ತಿರುಗಿ, "ಸೇದ್ತಿದ್ರೇನ್ರಿ?"

ಅವನು ಬಾಯಿ ತೆರೆಯುವ ಮೊದಲೇ ನಳಿನಾಕ್ಷಿ ಹೇಳಿದಳು: "ಎಂತ ಹೇಳ್ತೀರಿ ಡಾಕ್ಟ್ರೇ? ಇವರು ಅಂದೇ ಬಿಟ್ಟದ್ದು. ನನ್ನ ಮಗಳ ಆಣೆ."

ಮುಕ್ತಾ ವಾದಿಸಲಿಲ್ಲ. ಅಂಗೈಯಷ್ಟಗಲದ ಯಂತ್ರವೊಂದನ್ನು ತೆಗೆದು, ಅದರ ಕೊಳವೆಗೆ ಉಸಿರು ಬಿಡಲು ಹೇಳಿದರು. ಸಿಗರೇಟಿನ ಹೊಗೆ ರಕ್ತದಲ್ಲಿದ್ದರೆ ಅದು ಉಸಿರಿನಲ್ಲಿ ತೋರಿಸುತ್ತದೆ. ಧರ್ಮಪಾಲ ಹೆಂಡತಿಯ ಮುಖ ನೋಡಿದ. "ಊದಿ, ಎಂತ ಹೆದರಿಕೆ?" ಎಂದಳು ಅವಳು. ಅವನು ಊದಿದ. ಕೆಂಪು ದೀಪ ಹೊತ್ತಿಕೊಂಡಿತು.

"ಇವತ್ತ ಮುಂಜಾನಿ ಸೇದ್ಯಾರ," ಎಂದರು ಮುಕ್ತಾ ಮೆಲ್ಲಗೆ.

ನಳಿನಾಕ್ಷಿ ಗಂಡನನ್ನು ನೋಡಿದಳು. ಅವನು ನೆಲ ನೋಡುತ್ತ, ಒಡೆದ ಸ್ವರದಲ್ಲಿ, "ದಿನಾ ಅಲ್ಲ ಮಾರಾಯ್ತಿ," ಎಂದ. "ಠಾಣೆಯಲ್ಲಿ ಮಾತ್ರ."

ಠಾಣೆಯಲ್ಲಿ ಇಳಿಯದ ದಿನವಿತ್ತೇ?

"ಅದರಿಂದನ ಹಿಂಗಾತು ಅಂತ ನಾ ಹೇಳಂಗಿಲ್ಲ," ಎಂದರು ಮುಕ್ತಾ. "ಎಂದೂ ಸೇದದವರಿಗೂ ಗಡ್ಡಿ ಹಿಂಗ ಉಳಿದಿದ್ದು ನೋಡೀನಿ. ಇವರು ಬಿಟ್ಟಿದ್ರೂ ಉಳೀತಿತ್ತೇನೋ. ಅದು ಯಾರಿಗೂ ಗೊತ್ತಾಗಂಗಿಲ್ಲ. ಈಗ ಧ್ವನಿಪೆಟ್ಟಿಗಿ ತೆಗೀಬೇಕು."

ನಳಿನಾಕ್ಷಿ ಎದ್ದು ಹೊರಗೆ ಬಂದಳು. ಅವನಿಗಾಗಿ ಕಾಯಲಿಲ್ಲ. ಒಬ್ಬಳೇ ಗಾಡಿ ಹತ್ತಿ, ಠಾಣೆಯಲ್ಲಿ ಬದಲಿಸಿ, ಮುಂಬ್ರಾ, ದಿವಾ ದಾಟುವವರೆಗೂ ಬಾಗಿಲ ಬಳಿ ನಿಂತೇ ಬಂದಳು. ಕಣ್ಣೀರು ಬರಲಿಲ್ಲ. ಡಾಕ್ಟರ್ ಎದುರು ಹಾಕಿದ ಆಣೆ ಮಾತ್ರ ಮತ್ತೆ ಮತ್ತೆ ಕಿವಿಯಲ್ಲಿ ಕೇಳುತ್ತಿತ್ತು.

ಮಾನಸಿ ಕೆಲಸದಿಂದ ಬಂದಾಗ ನಳಿನಾಕ್ಷಿ ಚಪ್ಪಲಿ ಬಿಡಲೂ ಸಮಯ ಕೊಡಲಿಲ್ಲ.

"ನಿನಗೆ ಗೊತ್ತಿತ್ತಾ?"

ಮಾನಸಿಗೆ ಕನ್ನಡ ತಿಳಿಯುತ್ತದೆ. ಉತ್ತರ ಬರುವುದು ಹಿಂದಿಯಲ್ಲಿ. "ಮಮ್ಮಿ, ಪಪ್ಪಾ ರೋ ರಹೇ ಥೇ. ಮೈ ಕ್ಯಾ ಕರತೀ?"

"ನೀನೇ ತಂದುಕೊಟ್ಟದ್ದಾ?"

ಮಾನಸಿ ಇಲ್ಲ ಎನ್ನದೆ, ಬಗ್ಗಿ ಚಪ್ಪಲಿ ಬಿಚ್ಚತೊಡಗಿದಳು. ಅದಕ್ಕಿಂತಲೂ ನಳಿನಾಕ್ಷಿಯನ್ನು ಇರಿದದ್ದು ಮೊದಲಿನ ಮಾತು. ಅವನು ಅತ್ತಿದ್ದನಂತೆ. ಚಮಚ ಹಿಡಿದು ಎದುರು ಕೂತ ತನ್ನ ಮುಂದೆ ಒಂದು ದಿನವೂ ಅಳದವನು, ಮಗಳ ಮುಂದೆ ಅತ್ತಿದ್ದ. ಅವರಿಬ್ಬರೂ ಒಂದಾಗಿ ತನ್ನನ್ನು ಬ್ಯಾಗು ಕಾಯಲು ನಿಲ್ಲಿಸಿದ್ದರು.

ಆಪರೇಷನ್ನಿನ ಹಿಂದಿನ ಸಂಜೆ ವಾರ್ಡಿನಲ್ಲಿ ಧರ್ಮಪಾಲ ಅವಳ ಕೈ ಹಿಡಿದ. "ನಾಳೆಯಿಂದ ಸ್ವರ ಇಲ್ಲ ನನಗೆ. ಎಂತಾದರೂ ಕೇಳು ನಳಿನಿ. ಬೈಯಾದರೂ ಬೈ."

ಅವಳು ಕೈ ಬಿಡಿಸಿಕೊಳ್ಳದೆ ಕೇಳಿದಳು: "ನಾನು ಡಾಕ್ಟ್ರ ಎದುರು ಆಣೆ ಹಾಕುವಾಗ ನಿಮಗೆ ಎಂತ ಅನ್ನಿಸಿತು?"

ಅವನು ಸುಳ್ಳು ಹೇಳಲಿಲ್ಲ.

"ಬಚಾವಾದೆ ಅನ್ನಿಸಿತು."

ನಳಿನಾಕ್ಷಿ ಅವನ ಹೊದಿಕೆ ಸರಿಪಡಿಸಿ, ನೀರಿನ ಬಾಟಲಿಯನ್ನು ಕೈಗೆಟಕುವಂತೆ ಇಟ್ಟು, ಹೊರಗೆ ಬಂದು ಕುರ್ಚಿಯಲ್ಲಿ ಕೂತಳು.

ಆಪರೇಷನ್ ಚೆನ್ನಾಗಿ ಆಯಿತು. ಗಡ್ಡೆ ಪೂರ್ತಿ ತೆಗೆದಾಗಿದೆ ಎಂದರು. ಧರ್ಮಪಾಲ ಬದುಕಿದ, ಈಗ ಕುತ್ತಿಗೆಯಲ್ಲಿ ಮಾಡಿದ ರಂಧ್ರದಿಂದ ಉಸಿರಾಡುತ್ತಾನೆ. ಅದನ್ನು ಶುಚಿ ಮಾಡುವುದನ್ನು ನರ್ಸ್ ಒಮ್ಮೆ ತೋರಿಸಿಕೊಟ್ಟಳು, ನಳಿನಾಕ್ಷಿ ಕಲಿತಳು. ಮತ್ತೆ ಸೇರಿಕೊಂಡ ಕ್ಯಾಂಟೀನ್ ಕೆಲಸಕ್ಕೆ ಹೋಗುವ ಮೊದಲು ದಿನವೂ ಕೈ ತೊಳೆದು, ಆ ಕೆಲಸ ಮುಗಿಸಿಯೇ ಹೊರಡುತ್ತಾಳೆ. ಅದರಲ್ಲಿ ಒಂದಿಷ್ಟೂ ಲೋಪವಿಲ್ಲ.

ಸ್ವರವಿಲ್ಲದ ಅವನ ಮಾತನ್ನು ತುಟಿ ನೋಡಿ ತಿಳಿಯುವುದನ್ನು ಮಾನಸಿ ಬೇಗ ಕಲಿತಳು. ನಳಿನಾಕ್ಷಿ ಕಲಿಯಲು ಹೋಗಲಿಲ್ಲ. ಅವನು ತುಟಿಯಾಡಿಸಿದರೆ ಅವಳು ಮಗಳ ಕಡೆ ನೋಡುತ್ತಾಳೆ.

"ಪಪ್ಪಾ ಕಹ ರಹೇ ಹೈ, ಥೋಡಾ ಬೈಠೋ," ಎಂದಳು ಮಾನಸಿ ಒಂದು ಭಾನುವಾರ, ಅಮ್ಮನಿಗೆ ಕೂರಲು ಅಪ್ಪನ ಪಕ್ಕಕ್ಕೆ ಕುರ್ಚಿ ಎಳೆಯುತ್ತ.

"ಒಲೆಯಲ್ಲಿ ಅನ್ನ ಉಂಟು ಅಂತ ಹೇಳು," ಎಂದು ನಳಿನಾಕ್ಷಿ ಒಳಗೆ ಹೋದಳು.