ಗೋಪುರದ ಹಲಗೆ

ಸಿರಿಲ್ ಒಂದು ಕಾಗದ ತಿದ್ದಿಸಲು ನನ್ನ ಮನೆಗೆ ಬಂದ. ನಮ್ಮ ಸಾಮರ್‌ಸೆಟ್ ಹಳ್ಳಿಯ ಚರ್ಚಿನಲ್ಲಿ ಗಂಟೆ ಬಾರಿಸುವ ತಂಡಕ್ಕೆ ಅವನೇ ಮುಖಂಡ, ಎಂಬತ್ತರ ಮುದುಕ. ನಾನು ವಿನಿಫ್ರೆಡ್, ಅದೇ ತಂಡದವಳು, ಮೂವತ್ತೆಂಟು ವರ್ಷ ಇಂಗ್ಲಿಷ್ ಪಾಠ ಹೇಳಿ ಗಂಟಲು ಹರಿದುಕೊಂಡವಳು. ಕಾಗದ ನಮ್ಮ ತಂಡದವಳೇ ಆದ ಹಿಲ್ಡಾಳಿಗೆ. ‘ನಾನು ಅಟೋನ್ ಮಾಡಬೇಕು’ ಎಂದಷ್ಟೇ ಇತ್ತು.

“ಈ ಪದ ಒಂಟಿಯಾಗಿದ್ರೆ ಅರ್ಧ ಕಣೋ,” ಅಂದೆ. “ಸಾರಿ ಅಂತ ಬಾಯಲ್ಲಿ ಅಂದು ಮುಗಿಸ್ಬಹುದು. ಇದು ಪ್ರಾಯಶ್ಚಿತ್ತ, ಮಾಡಿ ತೋರಿಸ್ಬೇಕು. ಯಾವ ತಪ್ಪಿಗೆ ಅಂತ ಮೊದ್ಲು ಹೇಳು.”

“ಗೋಪುರದಲ್ಲಿರೋ ಹಲಗೆ ಸುಳ್ಳು, ವಿನಿ.”

ಮೂವತ್ತೊಂದು ವರ್ಷದ ಹಿಂದೆ ಎಂಟು ಜನ ಎಂಟು ಗಂಟೆಗಳನ್ನು ಮೂರು ತಾಸು ಬಿಡದೆ ಬಾರಿಸಿದ್ದರು. ಸುತ್ತು ಸುತ್ತಿಗೂ ಗಂಟೆಗಳ ಸರದಿ ಬದಲಾಗಬೇಕು. ಬಂದ ಸರದಿ ಇನ್ನೊಮ್ಮೆ ಬಂತೋ, ಅಷ್ಟೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಆ ಎಂಟು ಹೆಸರು ಹಲಗೆಯ ಮೇಲೆ ಚಿನ್ನದ ಅಕ್ಷರದಲ್ಲಿವೆ. ಒಂದು ಹಿಲ್ಡಾಳ ಗಂಡ ರೆಜ್‌ನದು. ಅವನು ಮರುತಿಂಗಳೇ ತೀರಿಕೊಂಡ. ಅಂದಿನಿಂದ ಅವನ ಗಂಟೆಯನ್ನು ಅವಳು ಎಳೆಯುತ್ತಾಳೆ, ವಾರಕ್ಕೊಮ್ಮೆ ಹಲಗೆ ಒರೆಸುತ್ತಾಳೆ. ಆ ಮೂರು ತಾಸೂ ಸರದಿ ಎಲ್ಲಿ ಬದಲಾಗಬೇಕೆಂದು ಕೂಗಿ ಹೇಳಿದವನು ಸಿರಿಲ್. ನಡುವೆ ತಪ್ಪು ಕೂಗಿ, ಬಂದ ಸರದಿಯೇ ಮತ್ತೆ ಬಂದದ್ದು ಅವನೊಬ್ಬನಿಗೇ ಗೊತ್ತಾಯಿತು. ಪಾಪಿ, ಬಾಯಿ ಬಿಡಲಿಲ್ಲ.

ಕಾಗದ ಹರಿದು, ಹೋಗಿ ಹಿಲ್ಡಾಳಿಗೆ ಬಾಯಿಬಿಟ್ಟು ಹೇಳಿದ.

“ಹಲಗೆ ಇಳಿಸು,” ಎಂದಳು ಅವಳು. “ಆಮೇಲೆ ಆ ಮೂರು ತಾಸಿನದನ್ನೇ ಸರಿಯಾಗಿ ಬಾರಿಸು. ನಾನೂ ಹಗ್ಗ ಹಿಡೀತೀನಿ. ನಿನ್ನ ತೋಳಲ್ಲಿ ಕಸುವು ಉಳಿದಿದ್ರೆ ನೋಡೋಣ.”

ಹಲಗೆ ಇಳಿಯಿತು. ಶನಿವಾರ ಮಧ್ಯಾಹ್ನ ಎಂಟು ಜನ ನಿಂತೆವು, ನಾನೂ ಒಬ್ಬಳು. ಎರಡು ತಾಸು ನಲವತ್ತು ನಿಮಿಷ ದಾಟಿತು. ಸಿರಿಲ್‌ನ ಅಂಗಿ ಹಿಂಡುವಂತಿತ್ತು. ನಮ್ಮೆಲ್ಲರ ಕಿವಿಗೂ ಸರದಿ ಸರಿಯಾಗೇ ಹೋಗುತ್ತಿತ್ತು. ಇನ್ನು ಇಪ್ಪತ್ತೇ ನಿಮಿಷ.

“ನಿಲ್ಲಿಸಿ,” ಎಂದ ಸಿರಿಲ್.

ಒಂದೊಂದಾಗಿ ಗಂಟೆಗಳು ನಿಂತವು. ಊರಿಗೆಲ್ಲ ಗೊತ್ತಾಗುವ ಮೌನ ಅದು.

“ತಪ್ಪು ಕೂಗಿದೆ, ಹಿಲ್ಡಾ. ನಿಮಗ್ಯಾರಿಗೂ ಗೊತ್ತಾಗ್ತಿರಲಿಲ್ಲ. ಆದ್ರೂ ತಪ್ಪೇ.”

ಇನ್ನೊಮ್ಮೆ ಮೂರು ತಾಸು ನಿಲ್ಲುವ ಶಕ್ತಿ ಅವನಿಗಿಲ್ಲವೆಂದು ಅವನಿಗೂ ಗೊತ್ತು, ನಮಗೂ ಗೊತ್ತು. ಹಾಗಿದ್ದೂ ನಿಲ್ಲಿಸಿದ. ಅಷ್ಟು ದೊಡ್ಡ ಕೆಲಸವನ್ನು ಇಷ್ಟು ಹತ್ತಿರದಿಂದ ನಾನೆಂದೂ ನೋಡಿರಲಿಲ್ಲ.

ಹಿಲ್ಡಾ ತನ್ನ ಹಗ್ಗ ಕಟ್ಟಿ ಅವನ ಬಳಿ ಬಂದಳು. ಅವನ ಅಂಗೈ ತಿರುಗಿಸಿದಳು. ಬೊಬ್ಬೆಗಳು ಒಡೆದಿದ್ದವು.

“ಋಣ ತೀರ್ತು ಕಣೋ,” ಅಂದಳು. “ಹೊಸ ಹಲಗೆ ಏನೂ ಬೇಡ.”

ಸಿರಿಲ್ ಹಗ್ಗ ಹಿಡಿದುಕೊಂಡೇ ಅತ್ತ.