ಎಡಗೈ ಬಾಣಗಳು

ನನ್ನ ಅಣ್ಣ ಮುದ್ರಣಾಲಯದಲ್ಲಿ ಕಾಗದ ಕತ್ತರಿಸುವವನು. ಅಲ್ಲಿ ಎಲ್ಲರಿಗೂ ಅವನು ಕತ್ತರಿಯಣ್ಣ. ನಾನು ಅದೇ ಕಟ್ಟಡದ ಮೇಲಿನ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಪುಟ ಜೋಡಿಸುವವಳು. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಮೊದಲೇ ಹೇಳಿಬಿಡುತ್ತೇನೆ. ಅಣ್ಣನ ವಿಷಯ ಬಂದರೆ ಮಾತ್ರ ಬೆಣ್ಣೆಯಂತೆ ಕರಗುತ್ತೇನೆ. ಈಗ ಹೇಳಹೊರಟಿರುವ ತಪ್ಪೂ ಹಾಗೆ ಕರಗಿದ್ದರಿಂದಲೇ ಆದದ್ದು.

ನಾವಿಬ್ಬರೂ ಬಾಣದಾಟ ಎಂದು ಕರೆಯುತ್ತಿದ್ದ ಒಂದು ತಾಳದ ಆಟವಿದೆ. ಹಾಡು ಶುರುವಾದರೆ ಪರದೆಯ ಮೇಲಿನಿಂದ ಬಾಣಗಳು ಇಳಿಯುತ್ತವೆ; ಅವು ಗೆರೆ ಮುಟ್ಟಿದ ಕ್ಷಣಕ್ಕೆ ಸರಿಯಾಗಿ ಕೀ ಒತ್ತಬೇಕು. ಎಡಗೈಗೆ ಎರಡು ಬಾಣ, ಬಲಗೈಗೆ ಎರಡು. ಎದುರಾಳಿ ಒಂದು ಸಾಲು ಹಾಡುತ್ತಾನೆ, ನೀವು ಉತ್ತರ ಕೊಡುತ್ತೀರಿ. ಇಂಥ ಆಟಕ್ಕೆ ಅಭಿಮಾನಿಗಳೇ ಹೊಸ ಹಾಡು, ಹೊಸ ಎದುರಾಳಿ ಸೇರಿಸಿ ‘ಮಾಡ್’ ತಯಾರಿಸುತ್ತಾರೆ. ನಾನೂ ಒಂದು ಮಾಡಿದ್ದೆ. ನಮ್ಮಿಬ್ಬರಿಗೂ ಇಷ್ಟವಾಗಿದ್ದ ಹಳೆಯ ದೆವ್ವದ ಹೋಟೆಲಿನ ಆಟದಿಂದ ಮುಖವಿಲ್ಲದ ಲಿಫ್ಟಿನವನನ್ನು ಎತ್ತಿ ತಂದು ಬಾಣದಾಟದ ವೇದಿಕೆಯ ಮೇಲೆ ನಿಲ್ಲಿಸಿದ್ದೆ. ಸರಿಯಾಗಿ ಒತ್ತಿದರೆ ಲಿಫ್ಟ್ ಏರುತ್ತದೆ. ತಪ್ಪಿದರೆ ಇಳಿಯುತ್ತದೆ, ಅವನು ತಗ್ಗಿದ ದನಿಯಲ್ಲಿ ಮಹಡಿಯ ಸಂಖ್ಯೆ ಹೇಳುತ್ತಾನೆ. ನೆಲಮಾಳಿಗೆ ತಲುಪಿದರೆ ಆಟ ಮುಗಿಯಿತು.

ಮಧ್ಯಾಹ್ನ ಊಟದ ಬಿಡುವಿನಲ್ಲಿ ಅಣ್ಣ ಮೇಲೆ ಬಂದು ಆಡಿ ನೋಡುತ್ತಿದ್ದ. ಬೆರಳು ಚುರುಕು, ತಾಳ ಅವನ ಮೈಯಲ್ಲೇ ಇತ್ತು. ಆದರೆ ಆ ವಾರ ಎಡಗೈ ಬಾಣಗಳು ಒಂದರ ಹಿಂದೊಂದು ತಪ್ಪಿದವು. ಲಿಫ್ಟಿನವನು ಮೂರು, ಎರಡು, ಒಂದು ಎನ್ನುತ್ತಾ ಹೋದ. ನಿನ್ನ ಮಾಡ್ ಸರಿಯಿಲ್ಲ, ಎಡಗಡೆ ಬಾಣ ಬೇಗ ಬರುತ್ತದೆ ಎಂದು ಅಣ್ಣ ಗೊಣಗಿದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಾನು ಛೇಡಿಸಿದೆ. ಅವನು ನಗಲಿಲ್ಲ. ಊಟದ ಡಬ್ಬಿಯನ್ನು ಅರ್ಧಕ್ಕೇ ಮುಚ್ಚಿ ಕೆಳಗಿಳಿದು ಹೋದ.

ಮಾಡ್ ಮಾಡುವ ನಮ್ಮಂಥವರಿಗೆ ಒಂದು ಚಟವಿದೆ. ಬಾಣ ತಪ್ಪಿದರೆ ಮೊದಲು ಕಂಪ್ಯೂಟರನ್ನು ಬೈಯುತ್ತೇವೆ. ಹಾಡಿನ ಸದ್ದು ತಡವಾಗಿ ಬರುತ್ತಿರಬೇಕು ಎಂದುಕೊಂಡು ಬಾಣವನ್ನು ಒಂದಿಷ್ಟು ತಡವಾಗಿ ಬರುವಂತೆ ಸರಿಸುತ್ತೇವೆ. ನಾನೂ ಅದನ್ನೇ ಮಾಡಿದೆ. ಎಡಗೈ ಬಾಣಗಳನ್ನು ಇಪ್ಪತ್ತು ಮಿಲಿಸೆಕೆಂಡ್ ತಡ ಮಾಡಿ ಅವನಿಗೆ ಹೇಳದೆ ಇಟ್ಟೆ. ಮರುದಿನ ಅಣ್ಣ ಎಂಟನೇ ಮಹಡಿ ಹತ್ತಿದ. ಅವನ ಮುಖ ಅರಳಿದ್ದು ಕಂಡು ನಾನೂ ಹಿಗ್ಗಿದೆ.

ಹತ್ತು ದಿನಕ್ಕೆ ಮತ್ತೆ ತಪ್ಪತೊಡಗಿತು, ನಲವತ್ತಕ್ಕೆ ಸರಿಸಿದೆ. ಆಮೇಲೆ ಎಪ್ಪತ್ತು. ಆಮೇಲೆ ನೂರು ದಾಟಿತು. ಕಂಪ್ಯೂಟರಿನ ತಪ್ಪಾಗಿದ್ದರೆ ಬಲಗಡೆಯೂ ಕೆಡಬೇಕಿತ್ತಲ್ಲ ಎಂದು ಒಮ್ಮೆ ಹೊಳೆದದ್ದು ನಿಜ. ಹೊಳೆದದ್ದನ್ನು ಅಲ್ಲೇ ಅದುಮಿಬಿಟ್ಟೆ. ಇವರು ಈಚೆಗೆ ಅಂಗಿಯ ಗುಂಡಿ ಹಾಕಿಕೊಳ್ಳಲು ಪೇಚಾಡುತ್ತಾರೆ ಎಂದು ಅತ್ತಿಗೆ ಹೇಳಿದಾಗಲೂ, ವಯಸ್ಸಾಯಿತಲ್ಲ ಬಿಡಿ ಎಂದು ನಕ್ಕು ಮಾತು ತೇಲಿಸಿದೆ. ಕುಣಿಯುವವನಿಗೆ ತಕ್ಕಂತೆ ನೆಲವನ್ನೇ ಡೊಂಕು ಮಾಡಿಕೊಡುತ್ತಿದ್ದೆ.

ಅಷ್ಟರಲ್ಲಿ ಕೆಳಗೆ ಕಾಗದ ಕತ್ತರಿಸುವ ಯಂತ್ರ ಕೈಕೊಡತೊಡಗಿತು. ಹಳೆಯ ಯಂತ್ರ ಅದು. ಎಡಕ್ಕೊಂದು, ಬಲಕ್ಕೊಂದು ಬಟನ್; ಎರಡನ್ನೂ ಒಟ್ಟಿಗೆ ಅದುಮಿ ಹಿಡಿದರೆ ಮಾತ್ರ ಬ್ಲೇಡ್ ಇಳಿಯುತ್ತದೆ. ಎರಡೂ ಕೈ ಬಟನ್ ಮೇಲಿದ್ದರೆ ಯಾವ ಕೈಯೂ ಬ್ಲೇಡಿನಡಿ ಹೋಗಲಾರದು ಎಂಬ ಲೆಕ್ಕ. ಒಂದು ಕೈ ಸಡಿಲವಾದರೂ ಬ್ಲೇಡ್ ಅರ್ಧಕ್ಕೇ ನಿಲ್ಲುತ್ತದೆ. ಅಣ್ಣನಿಗೆ ದಿನಕ್ಕೆ ಹತ್ತು ಸಲ ಹಾಗಾಗುತ್ತಿತ್ತು. ಮೆಕ್ಯಾನಿಕ್ ಎರಡು ಸಲ ಬಂದು ನೋಡಿ ಬಟನ್ ಸರಿಯಾಗಿಯೇ ಇದೆ ಎಂದ. ಕೆಲಸ ಬಾರದಿದ್ದರೆ ಮನೆಯಲ್ಲಿ ಕೂತುಕೋ ಎಂದು ನಾನೇ ಅವನ ಮೇಲೆ ಹರಿಹಾಯ್ದೆ. ಪಾಪದವನು, ಸಲಕರಣೆ ಎತ್ತಿಕೊಂಡು ಹೊರಟುಹೋದ.

ಮುಂದಿನ ಸೋಮವಾರ ಬೆಳಿಗ್ಗೆ ಒಂದು ಪುಸ್ತಕದ ಹೊದಿಕೆಯ ಅಳತೆ ಹೇಳಲು ಕೆಳಗೆ ಹೋದೆ. ಅಣ್ಣ ನನ್ನ ಕಡೆಗೆ ಬೆನ್ನು ಹಾಕಿ ನಿಂತಿದ್ದ. ಬ್ಲೇಡ್ ಸಲೀಸಾಗಿ ಇಳಿದು ಏರುತ್ತಿತ್ತು. ಹತ್ತಿರ ಹೋದರೆ, ಎಡಗಡೆಯ ಬಟನ್ನಿನ ಮೇಲೆ ಮರದ ಚಕ್ಕೆಯಿಟ್ಟು ಟೇಪು ಸುತ್ತಿದ್ದಾನೆ. ಬಲಗೈ ಬಟನ್ ಒತ್ತುತ್ತಿದೆ. ಎಡಗೈ ಕಾಗದದ ಕಟ್ಟನ್ನು ಒಳಕ್ಕೆ ತಳ್ಳುತ್ತಿದೆ, ಬ್ಲೇಡ್ ಇಳಿಯುವ ಹೊತ್ತಿಗೆ ತಡವಾಗಿ ಈಚೆ ಬರುತ್ತಿದೆ. ಎಷ್ಟು ತಡ ಎಂಬುದು ಈ ಲೋಕದಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಗೋಡೆಯ ಮೇಲಿದ್ದ ಮೇನ್ ಸ್ವಿಚ್ ಆರಿಸಿದೆ.

ಅಣ್ಣ ಸಿಡುಕಿನಿಂದ ತಿರುಗಿದ.

“ಬಟನ್ ಕೆಟ್ಟಿದೆ ಕಣೇ, ಅದಕ್ಕೇ ಕಟ್ಟಿದೀನಿ.”

“ಬಟನ್ ಅಲ್ಲಣ್ಣ. ನಿನ್ನ ಕೈ.”

“ನನ್ನ ಕೈಗೇನಾಗಿದೆ? ಶನಿವಾರ ನಿನ್ನ ಕಣ್ಣೆದುರಿಗೇ ಹತ್ತನೇ ಮಹಡಿ ಹತ್ತಿದೆನಲ್ಲ.”

ಅಷ್ಟು ದಿನ ನಾನು ಅವನಿಗೆ ಕೊಟ್ಟದ್ದು ಸಮಾಧಾನ ಎಂದುಕೊಂಡಿದ್ದೆ. ಅವನು ಅದನ್ನು ಕೈ ಸರಿಯಿದೆ ಎಂಬ ಸಾಕ್ಷಿಯಾಗಿ ಇಟ್ಟುಕೊಂಡಿದ್ದ. ಆ ಧೈರ್ಯದ ಮೇಲೆಯೇ ಚಕ್ಕೆ ಕಟ್ಟಿದ್ದ.

ಅವನನ್ನು ಮೇಲೆ ಕರೆದುಕೊಂಡು ಹೋದೆ. ಬಾಣಗಳನ್ನೆಲ್ಲ ಮೊದಲಿನ ಜಾಗಕ್ಕೆ ತಂದು, ಆಡು ಎಂದೆ. ಹಾಡು ಶುರುವಾಯಿತು. ಎಡಗೈಯ ಒಂದು ಬಾಣವೂ ಸಿಗಲಿಲ್ಲ. ಅರ್ಧ ನಿಮಿಷದಲ್ಲಿ ಲಿಫ್ಟ್ ನೆಲಮಾಳಿಗೆ ಸೇರಿತು. ಅಣ್ಣ ಕೀಬೋರ್ಡಿನಿಂದ ಕೈ ತೆಗೆಯಲಿಲ್ಲ, ನನ್ನತ್ತ ನೋಡಲೂ ಇಲ್ಲ. ಎಡಗೈ ಬಾಣಗಳಿಗೆ ನಾನು ಮಾಡಿದ್ದನ್ನು ಒಂದೇ ಉಸಿರಿಗೆ ಹೇಳಿದೆ. ಅವನು ಬೈದಿದ್ದರೆ ಚೆನ್ನಾಗಿತ್ತು.

ಎರಡು ದಿನಗಳ ನಂತರ ನರರೋಗದ ವೈದ್ಯೆ ಕತ್ತಿನ ಸ್ಕ್ಯಾನ್ ಹಿಡಿದು ಕೂತರು. ಮೂಳೆಯೊಂದು ಬೆಳೆದು ಕತ್ತಿನೊಳಗೆ ಬೆನ್ನುಹುರಿಯನ್ನು ಒತ್ತುತ್ತಿದೆ ಎಂದು ವಿವರಿಸಿದರು. ಯಾವಾಗಿನಿಂದ ಎಂದು ಕೇಳಿದರು. ಒಂದು ತಿಂಗಳಿರಬಹುದು ಎಂದ ಅಣ್ಣ. ಅತ್ತಿಗೆ ಎರಡು ಎಂದರು. ಮಾಡ್‌ನಲ್ಲಿ ಎಡಗೈ ಬಾಣಗಳನ್ನು ಯಾವ ದಿನ ಎಷ್ಟು ಸರಿಸಿದೆ ಎಂದು ಬರೆದಿಟ್ಟ ಪಟ್ಟಿಯನ್ನು ನಾನು ಫೋನಿನಲ್ಲಿ ತೆರೆದು ಮೇಜಿನ ಮೇಲಿಟ್ಟೆ. ಐದು ತಿಂಗಳ ತಾರೀಕುಗಳು. ವೈದ್ಯೆ ಅದನ್ನು ನಿಧಾನವಾಗಿ ಓದಿದರು. ಆಪರೇಷನ್ ಬೇಗ ಆಗಬೇಕು, ಅದರಿಂದ ಮುಂದಕ್ಕೆ ಕೆಡುವುದು ನಿಲ್ಲುತ್ತದೆ, ಈಗಾಗಲೇ ಹೋದದ್ದು ಎಷ್ಟು ವಾಪಸು ಬರುತ್ತದೋ ಹೇಳಲಾರೆ ಎಂದರು. ಮೊದಲ ತಿಂಗಳಲ್ಲೇ ಬಂದಿದ್ದರೆ ಎಂದು ಶುರು ಮಾಡಿ, ನನ್ನ ಮುಖ ನೋಡಿ ಫೋನನ್ನು ನನ್ನತ್ತ ಸರಿಸಿದರು.

ಹೊರಗೆ ಬೆಂಚಿನ ಮೇಲೆ ಕೂತೆವು. ಅತ್ತಿಗೆ ಕಾಗದಪತ್ರ ಹಿಡಿದು ಕೌಂಟರಿಗೆ ಹೋದರು. ಅಣ್ಣ ಎಡಗೈಯನ್ನು ತೊಡೆಯ ಮೇಲಿಟ್ಟು ಅದನ್ನೇ ನೋಡುತ್ತಿದ್ದ. ಆಮೇಲೆ ಬಲಗೈಯನ್ನೂ ಅದರ ಪಕ್ಕಕ್ಕಿಟ್ಟ.

“ಬಲಗೈ ಬಾಣಗಳನ್ನ ನೀನು ಮುಟ್ಟಿಲ್ಲ ತಾನೆ?”

ಇಲ್ಲ ಎನ್ನುವುದು ನನಗೆ ಎಷ್ಟು ಸುಲಭವಾಗಿತ್ತೆಂದರೆ, ತುಟಿಯವರೆಗೆ ಬಂದೇಬಿಟ್ಟಿತ್ತು.

“ಹೋದ ಶುಕ್ರವಾರ ಸರಿಸಿದೆ ಅಣ್ಣ,” ಎಂದೆ. “ಹನ್ನೆರಡು ಮಿಲಿಸೆಕೆಂಡ್.”